ಮಗುವನ್ನು ಅಳೆಯುವ ಅಧಿಕಾರ ಯಾರದು?

ಶಿಕ್ಷಣದ ಚರಿತ್ರೆಯನ್ನು ಬರೆದವರು ಶಾಲೆಗಳ ಸ್ಥಾಪನೆಯನ್ನೂ ಪಠ್ಯಕ್ರಮಗಳ ವಿಕಾಸವನ್ನೂ ವಿಸ್ತಾರವಾಗಿ ವರ್ಣಿಸಿದ್ದಾರೆ. ಶಾಲೆಯ ಹೊಸ್ತಿಲಿನಿಂದ ಹಿಂದಿರುಗಬೇಕಾಗಿ ಬಂದ ಮಕ್ಕಳ ವೃತ್ತಾಂತವಾದರೋ ಅಂತಹ ಗ್ರಂಥಗಳಲ್ಲಿ ವಿರಳ. ಓದಲು ಬಾರದ ಮಗುವನ್ನು ದಡ್ಡನೆಂದು ಕರೆಯುವುದು ಸುಲಭ. ಏಕೆ ಬಾರದೆಂದು ವಿಚಾರಿಸುವುದು ಕಷ್ಟ. ಹೀಗೆ ವಿಚಾರಿಸಿ ತೀರ್ಪು ಕೊಡುವ ಅಧಿಕಾರವು ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆಯು ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನ್ಯಾಯಾಲಯದವರೆಗೆ ಹೋಯಿತು. ಅದರ ಫಲವಾಗಿ ಹುಟ್ಟಿದ ಒಂದು ವ್ಯವಸ್ಥೆಗೆ ‘ಸ್ವತಂತ್ರ ಶೈಕ್ಷಣಿಕ ಮೌಲ್ಯಮಾಪನ’ವೆಂದು ಹೆಸರು. ಶಾಲೆಯು ಮಗುವನ್ನು ಪರೀಕ್ಷಿಸಿ ಕೊಟ್ಟ ನಿರ್ಣಯವನ್ನು ತಂದೆತಾಯಿಗಳು ಒಪ್ಪದಿದ್ದಲ್ಲಿ, ಆ ಶಾಲಾಡಳಿತದ ನೌಕರನಲ್ಲದ ಅರ್ಹ ಪರೀಕ್ಷಕನಿಂದ ಮತ್ತೊಮ್ಮೆ ಪರೀಕ್ಷೆ ಮಾಡಿಸುವ ಹಕ್ಕು ಇದು. ಅನೇಕ ಸಂದರ್ಭಗಳಲ್ಲಿ ಇದರ ವೆಚ್ಚವನ್ನು ಶಾಲಾಡಳಿತವೇ ಭರಿಸಬೇಕು. ಮಾತು ಚಿಕ್ಕದು; ಅದರ ಹಿಂದಿನ ಇತಿಹಾಸ ದೀರ್ಘವಾದುದು.

ಈ ಇತಿಹಾಸದ ಮೊದಲ ಎಳೆ ಫ್ರಾನ್ಸ್ ದೇಶದಲ್ಲಿದೆ. ಸಾಮಾನ್ಯ ತರಗತಿಗಳಲ್ಲಿ ಕಲಿಕೆ ಸಾಗದ ಮಕ್ಕಳ ವಿಷಯವನ್ನು ಪರಿಶೀಲಿಸಲು ಅಲ್ಲಿನ ಶಿಕ್ಷಣ ಮಂತ್ರಿಗಳು 1904ರಲ್ಲಿ ಒಂದು ಆಯೋಗವನ್ನು ನೇಮಿಸಿದರು. ಅದರ ಸದಸ್ಯರಾಗಿದ್ದ ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ ತಮ್ಮ ಸಹೋದ್ಯೋಗಿ ಥಿಯೊಡೋರ್ ಸಿಮೋನ್ ಅವರೊಡಗೂಡಿ 1905ರಲ್ಲಿ ಬುದ್ಧಿಶಕ್ತಿಯ ಮಾಪಕವೊಂದನ್ನು ರೂಪಿಸಿದರು. ಯಾವ ಮಗುವಿಗೆ ವಿಶೇಷ ಸಹಾಯ ಬೇಕೆಂದು ಗುರುತಿಸುವುದೇ ಅದರ ಉದ್ದೇಶ. ಬುದ್ಧಿಯು ಹೆಚ್ಚಿಸಲಾಗದ ಸ್ಥಿರಪ್ರಮಾಣವೆಂಬ ಮತವನ್ನು ಬಿನೆ 1909ರ ತಮ್ಮ ಗ್ರಂಥದಲ್ಲಿ ಸ್ಪಷ್ಟವಾಗಿ ಖಂಡಿಸಿದರು. 1911ರಲ್ಲಿ ಅವರು ತೀರಿಕೊಂಡರು. ಮಾಪಕವು ಮಾತ್ರ ಸಮುದ್ರ ದಾಟಿ ಬೇರೊಂದು ಜೀವನವನ್ನು ಆರಂಭಿಸಿತು.

ನ್ಯೂಜೆರ್ಸಿಯ ವೈನ್‌ಲ್ಯಾಂಡ್ ತರಬೇತಿ ಶಾಲೆಯಲ್ಲಿದ್ದ ಹೆನ್ರಿ ಗೊಡಾರ್ಡ್ 1908ರಲ್ಲಿ ಅದನ್ನು ಅಮೆರಿಕಕ್ಕೆ ತಂದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ 1916ರಲ್ಲಿ ಅದನ್ನು ಪರಿಷ್ಕರಿಸಿದರು. ಬುದ್ಧಿಯು ಬಹುಮಟ್ಟಿಗೆ ಹುಟ್ಟಿನಿಂದಲೇ ಬರುವುದೆಂಬುದು ಇವರಿಬ್ಬರ ನಂಬಿಕೆ. ಸಹಾಯಕ್ಕೆ ಅರ್ಹರಾದವರನ್ನು ಹುಡುಕಲು ಹುಟ್ಟಿದ ಸಾಧನವು ಇವರ ಕಾಲದಲ್ಲಿ ಮಕ್ಕಳನ್ನು ವರ್ಗೀಕರಿಸುವ ಸಾಧನವಾಯಿತು. ‘ಬುದ್ಧಿಲಬ್ಧ’ವೆಂಬ ಒಂದು ಅಂಕಿಯು ಮಗುವಿನ ಹಣೆಬರಹದ ಸ್ಥಾನವನ್ನು ಆಕ್ರಮಿಸಿತು.

ಇದೇ ಕಾಲದಲ್ಲಿ ವೈದ್ಯರ ವಲಯದಲ್ಲಿ ಎರಡನೆಯ ಎಳೆಯೊಂದು ಬೆಳೆಯುತ್ತಿತ್ತು. ಇಂಗ್ಲೆಂಡಿನ ಸೀಫರ್ಡ್ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್ 1896ರಲ್ಲಿ ಹದಿನಾಲ್ಕು ವಯಸ್ಸಿನ ಬಾಲಕನೊಬ್ಬನ ವಿವರವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಬಾಲಕನ ದೃಷ್ಟಿ ಸರಿಯಾಗಿತ್ತು. ಲೆಕ್ಕದಲ್ಲಿ ಅವನು ಚುರುಕು. ಆದರೆ ವರ್ಷಗಟ್ಟಲೆ ಕಲಿಸಿದರೂ ಬರೆದ ಪದ ಅವನಿಗೆ ಒಲಿಯಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವಂತಿದ್ದರೆ ಶಾಲೆಯಲ್ಲಿ ಅವನೇ ಜಾಣನಾಗುತ್ತಿದ್ದನೆಂಬುದು ಅವನ ಉಪಾಧ್ಯಾಯರ ಅಭಿಪ್ರಾಯವಾಗಿತ್ತು. ಗ್ಲಾಸ್ಗೋ ನಗರದ ನೇತ್ರವೈದ್ಯ ಜೇಮ್ಸ್ ಹಿನ್‌ಶೆಲ್‌ವುಡ್ ಇಂತಹ ಸ್ಥಿತಿಯನ್ನು ‘ಜನ್ಮಜಾತ ಪದಾಂಧತೆ’ಯೆಂದು ಕರೆದು 1917ರಲ್ಲಿ ಗ್ರಂಥವನ್ನೇ ಬರೆದರು. ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಆರ್ಟನ್ 1925ರಿಂದ ಈ ವಿಷಯದಲ್ಲಿ ಸಂಶೋಧನೆಯನ್ನು ಪ್ರಕಟಿಸಿದರು. ಓದುಬರಹ ಬಾರದಿರುವುದು ಬೇರೆ, ಬುದ್ಧಿ ಇಲ್ಲದಿರುವುದು ಬೇರೆ ಎಂಬ ಸತ್ಯವು ಹೀಗೆ ಮೆಲ್ಲಮೆಲ್ಲನೆ ಬೆಳಕಿಗೆ ಬಂದಿತು. 1963ರಲ್ಲಿ ಷಿಕಾಗೋ ನಗರದಲ್ಲಿ ತಂದೆತಾಯಿಗಳ ಸಮ್ಮೇಳನವೊಂದನ್ನು ಉದ್ದೇಶಿಸಿ ಮಾತನಾಡಿದ ಸ್ಯಾಮ್ಯುಯೆಲ್ ಕರ್ಕ್ ಇಂತಹ ಮಕ್ಕಳ ಸ್ಥಿತಿಗೆ ‘ಕಲಿಕಾ ನ್ಯೂನತೆ’ಯೆಂಬ ಅರ್ಥದ ಪದವನ್ನು ಬಳಸಿದರು. ಆ ಹೆಸರೇ ಮುಂದೆ ರೂಢಿಗೆ ಬಂದಿತು.

ಆದರೆ ವಿದ್ವಾಂಸರಿಗೆ ತಿಳಿದ ಸತ್ಯ ಶಾಲೆಯ ಕಚೇರಿಯನ್ನು ತಲುಪಲು ಬಹುಕಾಲ ಬೇಕಾಗುತ್ತದೆ. ಪೆನ್ಸಿಲ್ವೇನಿಯಾ ರಾಜ್ಯದ ಅಂದಿನ ಕಾನೂನನ್ನು ನೋಡಿರಿ. ಸರ್ಕಾರಿ ಶಾಲೆಯ ಮನೋವಿಜ್ಞಾನಿಯು ಮಗುವೊಂದನ್ನು ‘ಶಿಕ್ಷಣಕ್ಕೂ ತರಬೇತಿಗೂ ಅನರ್ಹ’ವೆಂದು ಪ್ರಮಾಣೀಕರಿಸಿದರೆ ಸಾಕು, ಆ ಮಗುವಿಗೆ ಕಲಿಸುವ ಹೊಣೆಯಿಂದ ಶಾಲಾಡಳಿತವು ಮುಕ್ತವಾಗುತ್ತಿತ್ತು. ಐದು ವರ್ಷದ ಮಾನಸಿಕ ವಯಸ್ಸನ್ನು ಮುಟ್ಟದ ಮಗುವಿಗೆ ಪ್ರವೇಶವನ್ನೇ ನಿರಾಕರಿಸಬಹುದಾಗಿತ್ತು. ಪ್ರಮಾಣಪತ್ರ ಬರೆಯುವವನು ಶಾಲೆಯವನು. ಅದರಿಂದ ಹೊಣೆ ಕಳೆದುಕೊಳ್ಳುವುದೂ ಶಾಲೆಯೇ. ಅಳೆಯುವವನೂ ಲಾಭ ಪಡೆಯುವವನೂ ಒಬ್ಬನೇ ಆದಾಗ ಅಳತೆಯನ್ನು ಪ್ರಶ್ನಿಸುವವರಾರು? ಅನ್ಯಾಯದ ಮೂಲ ಇಲ್ಲಿತ್ತು.

ಹೊರಹಾಕದೆ ಉಳಿಸಿಕೊಂಡ ಮಕ್ಕಳ ಪಾಡೂ ಕೆಲವೆಡೆ ಇದಕ್ಕಿಂತ ಉತ್ತಮವಾಗಿರಲಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಮೆಕ್ಸಿಕನ್ ಮೂಲದ ಒಂಬತ್ತು ಮಕ್ಕಳನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿ ಮಂದಮತಿಗಳ ತರಗತಿಗೆ ಸೇರಿಸಲಾಗಿತ್ತು. ಅವರ ಮನೆಮಾತು ಸ್ಪ್ಯಾನಿಷ್. ಎರಡು ಭಾಷೆಗಳನ್ನೂ ಬಲ್ಲ ಪರೀಕ್ಷಕರು ಮತ್ತೆ ಪರೀಕ್ಷಿಸಿದಾಗ ಅವರ ಅಂಕಗಳು ಸರಾಸರಿ 15ರಷ್ಟು ಏರಿದವು. ಅರ್ಥಾತ್ ಮೊದಲ ಪರೀಕ್ಷೆಯು ಆ ಮಕ್ಕಳ ಬುದ್ಧಿಗಿಂತ ಹೆಚ್ಚಾಗಿ ಅವರ ಇಂಗ್ಲಿಷನ್ನು ಅಳೆದಿತ್ತು. ‘ಡಯಾನಾ’ ಮೊಕದ್ದಮೆಯೆಂದು ಪ್ರಸಿದ್ಧವಾದ ಈ ವ್ಯಾಜ್ಯವು 1970ರಲ್ಲಿ ರಾಜಿಯಲ್ಲಿ ಮುಗಿದು, ಮಗುವನ್ನು ಅದರ ಮನೆಮಾತಿನಲ್ಲೂ ಪರೀಕ್ಷಿಸಬೇಕೆಂಬ ನಿಯಮಕ್ಕೆ ದಾರಿಯಾಯಿತು.

ಮರುವರ್ಷವೇ ಅದೇ ರಾಜ್ಯದ ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ‘ಲ್ಯಾರಿ ಪಿ.’ ಮೊಕದ್ದಮೆ ಆರಂಭವಾಯಿತು. ಆ ನಗರದ ಶಾಲೆಗಳಲ್ಲಿ ಕಪ್ಪುಜನಾಂಗದ ಮಕ್ಕಳು ಶೇಕಡಾ 28.5 ಇದ್ದರೆ, ಮಂದಮತಿಗಳ ತರಗತಿಗಳಲ್ಲಿ ಶೇಕಡಾ 66 ಇದ್ದರು. ದಾವೆ ಹೂಡಿದ ಮಕ್ಕಳನ್ನು ಅವರದೇ ಜನಾಂಗದ ಮನೋವಿಜ್ಞಾನಿಗಳು ಪುನಃ ಪರೀಕ್ಷಿಸಿದರು. ಮಕ್ಕಳ ಅಂಕಗಳು ಮಂದಮತಿಯೆಂದು ಕರೆಯುವ ಮಿತಿಯನ್ನು ಮೀರಿದವು. ನ್ಯಾಯಾಧೀಶ ರಾಬರ್ಟ್ ಪೆಕಮ್ 1972ರಲ್ಲಿ ತಾತ್ಕಾಲಿಕ ಪ್ರತಿಬಂಧಕಾಜ್ಞೆಯನ್ನೂ 1979ರಲ್ಲಿ ಅಂತಿಮ ತೀರ್ಪನ್ನೂ ಮಕ್ಕಳ ಪರವಾಗಿ ಕೊಟ್ಟರು. ಈ ಎರಡೂ ಪ್ರಕರಣಗಳಲ್ಲಿ ಓದುಗರು ಗಮನಿಸಬೇಕಾದ ಅಂಶವೊಂದುಂಟು. ತಂದೆತಾಯಿಗಳ ಕಣ್ಣೀರಿಗೆ ಇಲ್ಲದಿದ್ದ ಬೆಲೆ ಎರಡನೆಯ ಪರೀಕ್ಷಕನ ವರದಿಗೆ ಬಂದಿತು. ಶಾಲೆಯ ಕಾಗದವನ್ನು ಎದುರಿಸಲು ಮತ್ತೊಂದು ಕಾಗದವೇ ಬೇಕಾಯಿತು.

ಇಷ್ಟರಲ್ಲಿ ಪೆನ್ಸಿಲ್ವೇನಿಯಾದ ತಂದೆತಾಯಿಗಳ ಸಂಘವು 1971ರ ಜನವರಿಯಲ್ಲಿ ರಾಜ್ಯದ ವಿರುದ್ಧ ದಾವೆ ಹೂಡಿತು. ಅದೇ ವರ್ಷ ಉಭಯಪಕ್ಷಗಳ ಸಮ್ಮತಿಯಿಂದ ಹೊರಟ ಆದೇಶವು 1972ರಲ್ಲಿ ಅಂತಿಮರೂಪ ಪಡೆಯಿತು. ಬುದ್ಧಿಮಾಂದ್ಯವುಳ್ಳ ಪ್ರತಿಯೊಂದು ಮಗುವೂ ಶಿಕ್ಷಣದಿಂದ ಪ್ರಯೋಜನ ಪಡೆಯಬಲ್ಲದೆಂದು ಅಲ್ಲಿ ಅಂಗೀಕೃತವಾಯಿತು. ವಾಷಿಂಗ್ಟನ್ ನಗರದ ‘ಮಿಲ್ಸ್’ ಮೊಕದ್ದಮೆಯಲ್ಲಿ ಶಾಲಾಡಳಿತವು ಹಣದ ಅಭಾವವನ್ನು ಮುಂದೊಡ್ಡಿತು. ಹಣ ಕಡಿಮೆಯಾದರೆ ಆ ಕೊರತೆಯು ಎಲ್ಲರಿಗೂ ಹಂಚಿಕೆಯಾಗಬೇಕೇ ಹೊರತು ದುರ್ಬಲ ಮಕ್ಕಳ ತಲೆಯ ಮೇಲೆ ಮಾತ್ರ ಬೀಳಬಾರದೆಂದು ನ್ಯಾಯಾಧೀಶ ಜೋಸೆಫ್ ವಾಡಿ 1972ರ ಆಗಸ್ಟ್‌ನಲ್ಲಿ ವಿಧಿಸಿದರು. ಮಗುವನ್ನು ಬೇರೆಡೆಗೆ ಸೇರಿಸುವ ಮುನ್ನ ತಂದೆತಾಯಿಗಳಿಗೆ ತಿಳುವಳಿಕೆ ಪತ್ರ, ನಿಷ್ಪಕ್ಷ ವಿಚಾರಣೆ, ಶಾಲೆಗೆ ಹೊರತಾದ ಪರೀಕ್ಷೆಯ ಅವಕಾಶ ಇವುಗಳು ಈ ಆದೇಶಗಳ ಮೂಲಕ ನ್ಯಾಯಕ್ರಮದ ಭಾಗಗಳಾದವು.

ನ್ಯಾಯಾಲಯಗಳು ತೆರೆದ ಹಾದಿಯನ್ನು ಶಾಸನಸಭೆಯು ರಾಜಮಾರ್ಗವಾಗಿಸಿತು. 1975ರ ನವೆಂಬರ್ 29ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಮಾಡಿದ 94-142ನೆಯ ಅಧಿನಿಯಮವು ಅಂಗವೈಕಲ್ಯವುಳ್ಳ ಎಲ್ಲ ಮಕ್ಕಳಿಗೂ ಉಚಿತವೂ ಯುಕ್ತವೂ ಆದ ಶಿಕ್ಷಣವನ್ನು ವಿಧಿಸಿತು. ದೇಶದಲ್ಲಿ ಅಂತಹ ಮಕ್ಕಳು 80 ಲಕ್ಷಕ್ಕೂ ಹೆಚ್ಚಿರುವರೆಂದೂ, ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ತಕ್ಕ ಶಿಕ್ಷಣ ದೊರೆಯುತ್ತಿಲ್ಲವೆಂದೂ, 10 ಲಕ್ಷ ಮಕ್ಕಳು ಶಾಲೆಯಿಂದ ಸಂಪೂರ್ಣವಾಗಿ ಹೊರಗುಳಿದಿರುವರೆಂದೂ ಅಧಿನಿಯಮದ ಪೀಠಿಕೆಯೇ ಒಪ್ಪಿಕೊಂಡಿತು. ಕಲಿಕಾ ನ್ಯೂನತೆಯುಳ್ಳ ಮಕ್ಕಳೂ ಅದರ ರಕ್ಷಣೆಗೆ ಸೇರಿದರು. ಸ್ವತಂತ್ರ ಶೈಕ್ಷಣಿಕ ಮೌಲ್ಯಮಾಪನ ಪಡೆಯುವ ಅವಕಾಶವು ಅದರಲ್ಲೇ ನಮೂದಾಗಿತ್ತು. 1977ರ ನಿಯಮಾವಳಿಯು ಸಾರ್ವಜನಿಕ ವೆಚ್ಚದ ವಿಷಯವನ್ನು ಸ್ಪಷ್ಟಪಡಿಸಿತು.

ಈ ಹಕ್ಕಿನ ಕಾರ್ಯವಿಧಾನವು ಅರಿಯತಕ್ಕದ್ದಾಗಿದೆ. ಶಾಲೆಯ ಮೌಲ್ಯಮಾಪನ ತಮಗೆ ಒಪ್ಪಿಗೆಯಿಲ್ಲವೆಂದು ತಂದೆತಾಯಿಗಳು ತಿಳಿಸಿ ಸ್ವತಂತ್ರ ಪರೀಕ್ಷೆಯನ್ನು ಕೇಳಿದರೆ ಶಾಲಾಡಳಿತಕ್ಕೆ ಎರಡೇ ಮಾರ್ಗಗಳು: ಅನಗತ್ಯ ವಿಳಂಬವಿಲ್ಲದೆ ಆ ಪರೀಕ್ಷೆಯ ವೆಚ್ಚವನ್ನು ಭರಿಸುವುದು, ಇಲ್ಲವೆ ತನ್ನ ಮೌಲ್ಯಮಾಪನವೇ ಸರಿಯೆಂದು ವಿಚಾರಣಾಧಿಕಾರಿಯ ಮುಂದೆ ತಾನೇ ಹೋಗಿ ಸ್ಥಾಪಿಸುವುದು. ಸುಮ್ಮನೆ ಕುಳಿತುಕೊಳ್ಳಲು ಅವಕಾಶವಿಲ್ಲ. ಒಪ್ಪದಿರುವ ಕಾರಣವನ್ನು ಕೇಳಬಹುದು, ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ಹೊರಗಿನ ಪರೀಕ್ಷಕನ ವರದಿಯು ನಿಯಮಬದ್ಧವಾಗಿದ್ದರೆ ಶಾಲೆಯು ಅದನ್ನು ಪರಿಗಣಿಸಲೇಬೇಕು. ವಿಚಾರಣೆಯಲ್ಲಿ ಅದು ಸಾಕ್ಷ್ಯವೂ ಆಗಬಹುದು. ಹಕ್ಕಿಗೆ ಎಲ್ಲೆಯೂ ಉಂಟು. ಶಾಲೆಯು ನಡೆಸಿದ ಒಂದು ಮೌಲ್ಯಮಾಪನಕ್ಕೆ ಪ್ರತಿಯಾಗಿ ಸಾರ್ವಜನಿಕ ವೆಚ್ಚದಲ್ಲಿ ಒಂದೇ ಸ್ವತಂತ್ರ ಪರೀಕ್ಷೆ. ವಿಚಾರಣೆಯಲ್ಲಿ ಶಾಲೆ ಗೆದ್ದರೆ ತಂದೆತಾಯಿಗಳು ತಮ್ಮ ಸ್ವಂತ ಹಣದಿಂದ ಅದನ್ನು ಮಾಡಿಸಬೇಕು. ಮತ್ತು ಪರಿಗಣಿಸುವುದೆಂದರೆ ಒಪ್ಪಿಕೊಳ್ಳುವುದೆಂದು ಅರ್ಥವಲ್ಲ.

ಇಂತಹ ಏರ್ಪಾಡು ಏಕೆ ಬೇಕಾಯಿತು? ಶಾಲೆಯಲ್ಲಿರುವವರು ದುಷ್ಟರೆಂದು ಶಾಸನವು ಭಾವಿಸಲಿಲ್ಲ. ವಿಶೇಷ ಶಿಕ್ಷಣಕ್ಕೆ ಹಣ ಬೇಕು. ಸಾಮಾನ್ಯ ವಿದ್ಯಾರ್ಥಿಯೊಬ್ಬನಿಗೆ ತಗಲುವ ಸರಾಸರಿ ವೆಚ್ಚದ ಶೇಕಡಾ 40ರವರೆಗೆ ಕೇಂದ್ರದಿಂದ ನೆರವು ದೊರೆಯುವುದೆಂದು 1975ರ ಅಧಿನಿಯಮವು ಆಶ್ವಾಸನೆಯಿತ್ತಿತ್ತು. ಆ ಪ್ರಮಾಣವನ್ನು ಕೇಂದ್ರವು ಎಂದೂ ಮುಟ್ಟಲಿಲ್ಲ. ಮಿಕ್ಕ ಭಾರವೆಲ್ಲ ರಾಜ್ಯಗಳ ಮತ್ತು ಸ್ಥಳೀಯ ಶಾಲಾಡಳಿತಗಳ ಮೇಲೆ. ಹೀಗಿರಲಾಗಿ, ಮಗುವಿಗೆ ನ್ಯೂನತೆಯುಂಟೆಂದು ಬರೆದ ಕೂಡಲೇ ಬರೆದವನ ಸಂಸ್ಥೆಗೇ ಖರ್ಚು ಬೀಳುತ್ತದೆ. ಸಜ್ಜನನ ಲೇಖನಿಯೂ ಅಂತಹ ಸ್ಥಿತಿಯಲ್ಲಿ ತಡವರಿಸಬಹುದು. ವ್ಯಕ್ತಿಯ ಒಳ್ಳೆಯತನವನ್ನೇ ನಂಬಿ ಕೂರದೆ ಸ್ಥಾನದ ದೋಷವನ್ನು ಗುರುತಿಸಿ ಸರಿಪಡಿಸುವುದು ಶಾಸನದ ವಿವೇಕ.

ಈ ಹಕ್ಕಿನ ನಿಜವಾದ ತೂಕವು 2005ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ವ್ಯಕ್ತವಾಯಿತು. ಮೇರಿಲ್ಯಾಂಡ್ ರಾಜ್ಯದಿಂದ ಬಂದ ‘ಷಾಫರ್’ ಮೊಕದ್ದಮೆಯಲ್ಲಿ, ಶಾಲೆಯ ಯೋಜನೆಯನ್ನು ಆಕ್ಷೇಪಿಸಿ ವಿಚಾರಣೆ ಕೇಳುವವರ ಮೇಲೆಯೇ ರುಜುವಾತಿನ ಭಾರವಿದೆಯೆಂದು ತೀರ್ಪಾಯಿತು. ಶಾಲೆಯಲ್ಲಿ ಪರಿಣತರಿದ್ದಾರೆ, ದಾಖಲೆಗಳಿವೆ. ತಂದೆತಾಯಿಗಳು ಹೇಗೆ ಎದುರಿಸಬೇಕು? ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ಇದಕ್ಕೆ ಉತ್ತರವಾಗಿ ತೋರಿಸಿದವುಗಳಲ್ಲಿ ಸ್ವತಂತ್ರ ಮೌಲ್ಯಮಾಪನದ ಹಕ್ಕು ಪ್ರಮುಖವಾದುದು. ಎದುರಾಳಿಯ ಪರಿಣತನಿಗೆ ಸಮಾನನಾದ ಪರಿಣತನನ್ನು ಅದು ಒದಗಿಸುತ್ತದೆಂಬುದು ಅವರ ತರ್ಕದ ಸಾರ. ಮರುವರ್ಷ, 2006ರಲ್ಲಿ, ‘ಮರ್ಫಿ’ ಮೊಕದ್ದಮೆಯಲ್ಲಿ ವ್ಯಾಜ್ಯ ಗೆದ್ದ ತಂದೆತಾಯಿಗಳು ತಮ್ಮ ಪರಿಣತರಿಗೆ ಕೊಟ್ಟ ಶುಲ್ಕವನ್ನು ಶಾಲೆಯಿಂದ ಹಿಂಪಡೆಯಲಾಗದೆಂದು ಅದೇ ನ್ಯಾಯಾಲಯವು ತೀರ್ಮಾನಿಸಿತು. ಅವರು ಕೇಳಿದ್ದ ಮೊತ್ತ 29,350 ಡಾಲರ್. ಸಿರಿವಂತನಿಗೆ ಇದು ನಷ್ಟ; ಬಡವನಿಗೆ ಬಾಗಿಲು ಮುಚ್ಚಿದಂತೆ. ಆದುದರಿಂದ ಸಾರ್ವಜನಿಕ ವೆಚ್ಚದಲ್ಲಿ ದೊರೆಯುವ ಎರಡನೆಯ ಪರೀಕ್ಷೆಯು ಬಡ ಕುಟುಂಬಗಳ ಪಾಲಿಗೆ ಉಳಿದ ಮುಖ್ಯ ಆಧಾರಗಳಲ್ಲೊಂದಾಯಿತು.

ಆದರೂ ಹಕ್ಕು ಗ್ರಂಥದಲ್ಲಿದ್ದ ಮಾತ್ರಕ್ಕೆ ಮನೆಗೆ ಬರುವುದಿಲ್ಲ. ಬಲ್ಲವರು ಕೇಳುತ್ತಾರೆ, ಅರಿಯದವರು ಶಾಲೆಯ ಕಾಗದಕ್ಕೆ ಸಹಿ ಹಾಕಿ ಮರಳುತ್ತಾರೆ. ಕನ್ನಡನಾಡಿನಿಂದ ಹೋಗಿ ಅಲ್ಲಿ ನೆಲೆಸಿರುವ ಕುಟುಂಬಗಳಿಗೂ ಇದು ಸಂಬಂಧಪಟ್ಟ ವಿಷಯವೇ. ಸಾಧ್ಯವಾದಷ್ಟೂ ಮಗುವಿನ ಮನೆಮಾತಿನಲ್ಲಿ, ಅಥವಾ ಅದರ ನಿಜವಾದ ಸಾಮರ್ಥ್ಯ ತೋರಿಬರುವ ವಿಧಾನದಲ್ಲಿ ಪರೀಕ್ಷೆ ನಡೆಯಬೇಕೆಂದು ಅಲ್ಲಿನ ನಿಯಮ ಹೇಳುತ್ತದೆ. ಕನ್ನಡದಲ್ಲಿ ಚಿಂತಿಸುವ ಮಗುವಿನ ಇಂಗ್ಲಿಷಿನ ತಡವರಿಕೆಯನ್ನು ಬುದ್ಧಿಯ ಕೊರತೆಯೆಂದು ಬರೆಯಲು ಬಿಡಬಾರದು. ಹಾಗೆಯೇ ನಿಜವಾದ ಕಲಿಕಾ ನ್ಯೂನತೆಯನ್ನು ಬರಿಯ ಭಾಷೆಯ ತೊಡಕೆಂದು ಮರೆಮಾಚಲೂ ಬಿಡಬಾರದು.

ನಮ್ಮ ದೇಶದಲ್ಲಿ 1995ರ ಅಂಗವಿಕಲರ ಅಧಿನಿಯಮವು ಕಲಿಕಾ ನ್ಯೂನತೆಯನ್ನು ಹೆಸರಿಸಿರಲಿಲ್ಲ. 2016ರ ಅಧಿನಿಯಮವು ‘ನಿರ್ದಿಷ್ಟ ಕಲಿಕಾ ನ್ಯೂನತೆ’ಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು; ಪ್ರಮಾಣಪತ್ರ ಕೊಡುವ ಅಧಿಕಾರಿಯ ನಿರ್ಣಯದ ವಿರುದ್ಧ ಮೇಲ್ಮನವಿಗೂ ಅವಕಾಶವಿತ್ತಿತು. ಇದು ಅಮೆರಿಕದ ವ್ಯವಸ್ಥೆಯಂತಹುದೇ ಅಲ್ಲ. ಆದರೆ ಮೊದಲ ತೀರ್ಪೇ ಕಡೆಯ ತೀರ್ಪಾಗಬಾರದೆಂಬ ತತ್ತ್ವ ಇಲ್ಲಿಯೂ ಕಾಲಿಟ್ಟಿದೆ.

ಶಾಲೆಯನ್ನು ನಡೆಸುವವರಿಗೆ ಈ ಇತಿಹಾಸವು ಒಂದು ಎಚ್ಚರಿಕೆಯನ್ನು ಹೇಳುತ್ತದೆ. ಮಗುವಿನ ವಿಷಯದಲ್ಲಿ ನಮ್ಮ ನಿರ್ಣಯವನ್ನು ಮತ್ತೊಬ್ಬರು ಪರೀಕ್ಷಿಸಲು ಬಂದರೆ ಅದನ್ನು ಅಪಮಾನವೆಂದು ಎಣಿಸಬಾರದು. ಅಂಗಡಿಯವನ ತಕ್ಕಡಿಯನ್ನು ಸರ್ಕಾರದ ಮುದ್ರೆಯ ತೂಕದ ಕಲ್ಲಿನಿಂದ ಪರಿಶೀಲಿಸುವಾಗ ಪ್ರಾಮಾಣಿಕ ವರ್ತಕನು ಸಿಟ್ಟಾಗುವುದಿಲ್ಲ. ಅಲ್ಲಿ ತೂಗುವುದು ಬೇಳೆಕಾಳು. ಇಲ್ಲಿ ತೂಗುವುದು ಒಂದು ಎಳೆಯ ಜೀವದ ಇಡೀ ಭವಿಷ್ಯ.