ರೋಪ್ ಎಂಬ ಪಾಠವೃಕ್ಷದ ಚರಿತ್ರೆ

ಗಣಕಯಂತ್ರದಲ್ಲಿ ಬರಹವನ್ನು ಇರಿಸುವ ಕ್ರಮಗಳಲ್ಲಿ ಅತಿ ಸರಳವಾದುದು, ಅಕ್ಷರಗಳನ್ನು ಒಂದರ ಪಕ್ಕದಲ್ಲೊಂದರಂತೆ ಸಾಲಾಗಿ ಜೋಡಿಸುವುದು. ಈ ಸಾಲಿಗೆ ‘ಸ್ಟ್ರಿಂಗ್’, ಎಂದರೆ ದಾರ, ಎಂದು ಹೆಸರು. ಚಿಕ್ಕ ಬರಹಕ್ಕೆ ಇದು ಸಾಕು. ಆದರೆ ಹತ್ತು ಲಕ್ಷ ಅಕ್ಷರಗಳ ಗ್ರಂಥದ ಆದಿಯಲ್ಲಿ ಒಂದು ಪದವನ್ನು ಸೇರಿಸಬೇಕಾದರೆ ಅದರ ಮುಂದಿನ ಅಕ್ಷರಗಳೆಲ್ಲವನ್ನೂ ಸರಿಸಬೇಕಾಗುವುದು. ಈ ದೋಷದ ಪರಿಹಾರಕ್ಕಾಗಿ ಹುಟ್ಟಿದ ರಚನೆಗಳಲ್ಲಿ ‘ರೋಪ್’, ಎಂದರೆ ಹಗ್ಗ, ಎಂಬುದು ಮುಖ್ಯವಾದುದು.

ಇದರ ಕಾಲನಿರ್ಣಯದಲ್ಲಿ ಎಚ್ಚರಿಕೆಯು ಅವಶ್ಯಕ. ಹ್ಯಾನ್ಸ್ ಬೋಮ್, ರಸ್ ಅಟ್ಕಿನ್ಸನ್, ಮೈಕೆಲ್ ಪ್ಲಾಸ್ ಎಂಬ ಮೂವರು ೧೯೯೫ರಲ್ಲಿ ಪ್ರಕಟಿಸಿದ ಪ್ರಬಂಧವನ್ನೇ ಇದರ ಮೂಲವಾಗಿ ಉಲ್ಲೇಖಿಸುವುದುಂಟು. ಆದರೆ ಪ್ರಬಂಧದ ಕಾಲವೇ ವಸ್ತುವಿನ ಕಾಲವಲ್ಲ. ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿ ಜೆರಾಕ್ಸ್ ಸಂಶೋಧನಾಲಯದವರು ೧೯೮೦ರ ದಶಕದಲ್ಲಿ ಬಳಸುತ್ತಿದ್ದ ‘ಸೀಡರ್’ ಎಂಬ ವ್ಯವಸ್ಥೆಯಲ್ಲಿ ರೋಪು ಆಗಲೇ ರೂಢಿಯಲ್ಲಿದ್ದಿತು; ೧೯೯೫ರ ಪ್ರಬಂಧವು ಆ ಅನುಭವವನ್ನು ಶಾಸ್ತ್ರರೂಪಕ್ಕೆ ತಂದಿತು. ಪ್ರಯೋಗವು ಮೊದಲು, ಲಕ್ಷಣವು ಅನಂತರ ಎಂಬ ಈ ಕ್ರಮವು ವ್ಯಾಕರಣವನ್ನು ಬಲ್ಲವರಿಗೆ ಹೊಸದಲ್ಲ.

ರೋಪಿನ ಸ್ವರೂಪವೆಂತೆಂದರೆ: ಬರಹದ ತುಂಡುಗಳು ವೃಕ್ಷದ ಎಲೆಗಳಾಗಿರುವುವು, ಎರಡೆರಡು ಭಾಗಗಳನ್ನು ಒಂದೊಂದು ಗಂಟು ಕೂಡಿಸುವುದು. ಪ್ರತಿಯೊಂದು ಗಂಟಿನಲ್ಲಿಯೂ ಅದರ ಎಡಭಾಗದ ಅಕ್ಷರಸಂಖ್ಯೆಯನ್ನು ಗುರುತಿಸಿರುವುದು. ಎಡಭಾಗದಲ್ಲಿ ೬೦೦ ಅಕ್ಷರಗಳಿದ್ದು, ೮೫೦ನೆಯದು ಬೇಕಾದರೆ, ಬಲಭಾಗದ ೨೫೦ನೆಯದನ್ನು ಹುಡುಕಿದರಾಯಿತು. ಹೊಸ ಪದವನ್ನು ಸೇರಿಸುವಾಗ ಹಳೆಯ ಎಲೆಗಳನ್ನು ತಿದ್ದುವುದಿಲ್ಲ. ಕೆಲವು ಹೊಸ ಗಂಟುಗಳನ್ನು ಮಾತ್ರ ಹಾಕುವುದು.

ವೃಕ್ಷವು ಕೊಂಬೆಗಳಿಲ್ಲದ ತೆಂಗಿನಂತೆ ಉದ್ದಕ್ಕೆ ಬೆಳೆದರೆ ಪ್ರಯೋಜನವು ನಷ್ಟವಾಗುವುದು. ಆದುದರಿಂದ ಮೇಲ್ಕಂಡ ಪ್ರಬಂಧವು ಒಂದು ನಿಯಮವನ್ನು ವಿಧಿಸಿದೆ. ಒಂಟಿ ಎಲೆಯ ಆಳವನ್ನು ೦ ಎಂದೆಣಿಸಿದರೆ, ೦, ೧, ೨, ೩, ೪ ಆಳವುಳ್ಳ ರೋಪುಗಳಲ್ಲಿ ಕ್ರಮವಾಗಿ ೧, ೨, ೩, ೫, ೮ ಅಕ್ಷರಗಳಾದರೂ ಇರಬೇಕು. ಹಾಗಿದ್ದರೆ ಅದು ಸಮತೋಲವುಳ್ಳದ್ದು. ಯುರೋಪಿನವರು ಫಿಬೊನಾಚಿಯ ಹೆಸರಿನಿಂದ ಕರೆಯುವ ಈ ಶ್ರೇಢಿಯನ್ನು ಮಾತ್ರಾವೃತ್ತಗಳ ಭೇದಗಳನ್ನು ಎಣಿಸುವಾಗ ಹೇಮಚಂದ್ರನು ಸುಮಾರು ೧೧೫೦ರಲ್ಲಿಯೇ ಹೇಳಿದ್ದನು. ಒಂದು, ಎರಡು, ಮೂರು, ನಾಲ್ಕು, ಐದು ಮಾತ್ರೆಗಳಿಗೆ ಲಘುಗುರುಗಳ ಪ್ರಸ್ತಾರಗಳು ಇಷ್ಟೇ ಸಂಖ್ಯೆಯವು. ಒಂದು ಇನ್ನೊಂದರಿಂದ ಬಂದುದಲ್ಲ. ಹಿಂದಿನ ಎರಡನ್ನು ಕೂಡಿಸಿ ಮುಂದಿನದನ್ನು ಪಡೆಯುವ ನ್ಯಾಯವು ಎರಡೆಡೆಯಲ್ಲಿಯೂ ಸಮಾನವಾದುದು.

ರೋಪಿಗೆ ದೋಷಗಳಿಲ್ಲವೆಂದಲ್ಲ. ಒಂದೊಂದೇ ಅಕ್ಷರವನ್ನು ಬೇಕಾದೆಡೆಯಿಂದ ತೆಗೆಯುವಲ್ಲಿ ನೇರವಾದ ಸಾಲೇ ಶೀಘ್ರತರ. ಒಂದೇ ಎಲೆಯನ್ನು ಹಲವು ವೃಕ್ಷಗಳು ಹಂಚಿಕೊಳ್ಳುವುದರಿಂದ ಅದನ್ನು ಯಾವಾಗ ತ್ಯಜಿಸಬೇಕೆಂಬುದೂ ಕಠಿಣ. ಬಳಕೆ ತಪ್ಪಿದುದನ್ನು ತಾನಾಗಿಯೇ ಹಿಂಪಡೆಯುವ ಏರ್ಪಾಡು ಸೀಡರಿನಲ್ಲಿದ್ದುದು ರೋಪು ಅಲ್ಲಿ ಬೇರೂರಲು ಅನುಕೂಲವಾಯಿತು.

ವೇಗವನ್ನೇ ಇದರ ಗುಣವೆಂದು ಎಣಿಸುವುದು ಅಪೂರ್ಣವಾದ ವಿಮರ್ಶೆ. ಸಾಲಿನಲ್ಲಿ ತಿದ್ದಿದರೆ ಪೂರ್ವಪಾಠವು ಅಳಿಯುವುದು. ರೋಪಿನಲ್ಲಿಯಾದರೋ ಹಳೆಯ ಬುಡವನ್ನು ಉಳಿಸಿಕೊಂಡರೆ ಪೂರ್ವಪಾಠವೂ ನವೀನಪಾಠವೂ ಅವೇ ಎಲೆಗಳನ್ನು ಹಂಚಿಕೊಂಡು ಜೊತೆಯಲ್ಲಿ ನಿಲ್ಲುವುವು. ಲಿಪಿಕಾರನು ಅಳಿಸಿದ ಪಾಠಕ್ಕಾಗಿ ಪ್ರತಿಯಿಂದ ಪ್ರತಿಗೆ ಅಲೆಯುವ ಗ್ರಂಥಸಂಪಾದಕರಿಗೆ ಈ ಗುಣದ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ.