ಘಟಪ್ರಭೆಯ ದಂಡೆಯಲ್ಲಿ ಕಂಡ ಬಂಡವಾಳ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹತ್ತರಗಿಯನ್ನು ದಾಟಿ ಹೋಗುವವರು ಅಲ್ಲಿ ನಿಲ್ಲುವುದು ಕಡಿಮೆ. ಆದರೆ ಅಲ್ಲಿಂದ ಘಟಪ್ರಭೆಯ ಕಡೆಗೆ ಹೊರಳಿದವರಿಗೆ ಒಂದೇ ನದಿಯ ದಂಡೆಯಲ್ಲಿ ಬಂಡವಾಳದ ಮೂರು ಕಥೆಗಳು ಕಾಣಸಿಗುತ್ತವೆ. ಅವುಗಳನ್ನು ಕುರಿತು ಎರಡು ಮಾತು ಹೇಳಬಯಸುತ್ತೇನೆ.

ಮೊದಲನೆಯದು ಗೋಕಾಕ ಜಲಪಾತದ್ದು. ಸುಮಾರು 170 ಅಡಿ ಎತ್ತರದಿಂದ ಧುಮ್ಮಿಕ್ಕುವ ನೀರು, ತೂಗುಸೇತುವೆ, ದಂಡೆಯ ಮೇಲಿನ ಮಹಾಲಿಂಗೇಶ್ವರ ಗುಡಿ ಇವನ್ನು ನೋಡಲು ಮಳೆಗಾಲದಲ್ಲಿ ಜನ ಕಿಕ್ಕಿರಿಯುತ್ತಾರೆ. ಇದೇ ನೀರಿನ ಬಲವನ್ನು ನಂಬಿ 1887ರಲ್ಲಿ ಇಲ್ಲಿ ನೂಲಿನ ಗಿರಣಿ ಆರಂಭವಾಯಿತು. ಅದು ಹಣದ ಬಂಡವಾಳ. ಊರವರಿಗೆ ಅದರಿಂದ ಕೂಲಿ ದೊರೆಯಿತು; ಒಡೆತನ ದೊರೆಯಲಿಲ್ಲ.

ಎರಡನೆಯದು ಹುಕ್ಕೇರಿಯದು. 1969ರಲ್ಲಿ ದೇಶದಲ್ಲಿ ಪ್ರಯೋಗಾರ್ಥವಾಗಿ ಹುಟ್ಟಿದ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಹುಕ್ಕೇರಿಯದೂ ಒಂದು. ದೀಪ ಹಚ್ಚುವವನೇ ಸಂಘದ ಸದಸ್ಯ. ಸಗಟಾಗಿ ಕೊಂಡ ವಿದ್ಯುತ್ತನ್ನು ಸಂಘವೇ ಹಳ್ಳಿಗಳಿಗೆ ಹಂಚುತ್ತದೆ. ಒಡಹುಟ್ಟಿದ ಸಂಘಗಳಲ್ಲಿ ಹಲವು ಅಳಿದರೂ ಇದು ಉಳಿದಿದೆ. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಬಿತ್ತಿದ ಸಹಕಾರದ ಬೀಜ ಈ ಸೀಮೆಯಲ್ಲಿಯೂ ಫಲಿಸಿತೆಂದರೆ ಅತಿಶಯೋಕ್ತಿಯಾಗದು.

ಇಂಥ ಪರಸ್ಪರ ವಿಶ್ವಾಸಕ್ಕೆ ಅಮೆರಿಕದ ಹ್ಯಾನಿಫನ್ ಎಂಬಾತ 1916ರಲ್ಲಿ, ವೆಸ್ಟ್ ವರ್ಜೀನಿಯಾದ ಹಳ್ಳಿಶಾಲೆಗಳನ್ನು ಕುರಿತು ಬರೆಯುತ್ತ, ಸಾಮಾಜಿಕ ಬಂಡವಾಳವೆಂಬ ಹೆಸರನ್ನು ಬಳಸಿದ. ಹೆಸರು ಹೊಸದಾದರೂ ವಸ್ತು ನಮಗೆ ಹಳೆಯದು. ನಮ್ಮ ಒಕ್ಕಲಿಗರು ಅದನ್ನು ಮುಯ್ಯಾಳೆಂದು ಕರೆದರು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು.

ಮೂರನೆಯ ಕಥೆ ಹಿಡಕಲ್ಲಿನದು. 51 ಟಿ.ಎಂ.ಸಿ. ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯ ಲಕ್ಷಾಂತರ ಎಕರೆಗೆ ಹಸಿರು ಹೊದಿಸಿತು. ಹುನ್ನೂರಿನಂಥ ಊರುಗಳನ್ನು ಮುಳುಗಿಸಿತು. ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲ ಮಂದಿರ ಮೇಲೆದ್ದು ಬರುತ್ತದೆ. ನೋಡಲು ಪ್ರವಾಸಿಗರು ಬರುತ್ತಾರೆ. ಒಂದು ಬೇಸಿಗೆಯಲ್ಲಿ ನಾನೂ ಹೋಗಿದ್ದೆ. ಹಿರಿಯರೊಬ್ಬರು ಒಣಗಿ ಬಿರಿದ ನೆಲದ ಮೇಲೆ ಕೋಲಿನಿಂದ ಗೆರೆ ಎಳೆದು, “ಇದು ನಮ್ಮ ಓಣಿರೀ ಸರ. ಮುಯ್ಯಾಳಿಗೆ ಕರದ್ರ ಇಡೀ ಓಣಿ ಬರತಿತ್ತು. ಈಗ ಒಬ್ಬೊಬ್ಬರು ಒಂದೊಂದು ಊರಾಗ” ಎಂದರು. ಹೊಲಕ್ಕೆ, ಮನೆಗೆ ಪರಿಹಾರದ ಲೆಕ್ಕವಿರುತ್ತದೆ. ಚದುರಿದ ಓಣಿಗೆ ಯಾವ ಕಾಗದದಲ್ಲಿ ಲೆಕ್ಕ?

ಆ ಮಾತು ನನ್ನನ್ನು ಬಿಟ್ಟಿಲ್ಲ. ಪ್ರವಾಸೋದ್ಯಮದಿಂದ ಹಳ್ಳಿಗಳ ಉದ್ಧಾರವಾಗುವುದೆಂದು ಎಲ್ಲೆಡೆ ಹೇಳುತ್ತಾರೆ. ಆಗಬಹುದು. ಆದರೆ ಜಲಪಾತ, ಗುಡಿ, ಹಿನ್ನೀರುಗಳಷ್ಟೇ ಅದಕ್ಕೆ ಸಾಲವು. ಒಟ್ಟಿಗೆ ಕುಳಿತು ಲೆಕ್ಕ ನೋಡುವ ರೂಢಿಯಿಲ್ಲದ ಊರಿಗೆ ಪ್ರವಾಸಿಗ ಬಂದರೆ ಲಾಭ ಹೊರಗಿನವರ ಕಿಸೆಗೆ, ಕಸ ಊರಿನ ಪಾಲಿಗೆ. ಈ ನಂಟಿಗೂ ದೋಷವುಂಟೆಂಬುದನ್ನು ಮರೆಯಲಾಗದು: ಓಣಿಯೊಳಗಿನ ಒಗ್ಗಟ್ಟು ಬೇರೆ ಓಣಿಗೆ ಬಾಗಿಲು ಹಾಕಿದ ನಿದರ್ಶನಗಳು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಇವೆ. ಒಂದು ಕೇರಿಯ ಹಿಟ್ಟಿನ ಗಿರಣಿಗೂ ಇನ್ನೊಂದು ಕೇರಿಯ ದೀಪಕ್ಕೂ ಒಂದೇ ತಂತಿ ಎಳೆದದ್ದೇ ಹುಕ್ಕೇರಿಯ ಸಂಘದ ಹಿರಿಮೆ.

ಮಳೆ ಬಂದೊಡನೆ ವಿಠ್ಠಲನ ಮಂದಿರ ಮತ್ತೆ ಮುಳುಗುತ್ತದೆ. ಆ ಹಿರಿಯರು ಎಳೆದ ಗೆರೆಯೂ ಅಳಿಯುತ್ತದೆ. ಹಿನ್ನೀರಿನ ದಂಡೆಗೆ ನಾಳೆ ಹೊಸ ಅಂಗಡಿ, ಹೊಸ ವಸತಿಗೃಹ ಬರುವುದಾದರೆ, ಆ ಗೆರೆಯೊಳಗಿದ್ದವರ ಮಕ್ಕಳಿಗೆ ಅದರಲ್ಲಿ ಕೂಲಿಯಷ್ಟೇ ಇರುವುದೋ, ಪಾಲೂ ಇರುವುದೋ ಎಂಬುದನ್ನು ಮೊದಲು ಕೇಳಬೇಕು.