ಗೋಡೆಯಾಚೆಯ ಆಟ

ಕಳಸದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ನಮ್ಮಜ್ಜ ರೈಟರಾಗಿದ್ದರು. ಲೆಕ್ಕದ ಪುಸ್ತಕಕ್ಕೆ ದೊರೆಯ ಸಹಿ ಬೇಕಾದಾಗ ಪ್ಲಾಂಟರುಗಳ ಕ್ಲಬ್ಬಿನ ಹಿಂಬಾಗಿಲವರೆಗೆ ಹೋಗುತ್ತಿದ್ದರು. “ಒಳಗೆ ಗೋಡೆಗೆ ಚೆಂಡು ಬಡಿಯೋ ಸದ್ದು ಕೇಳ್ತಿತ್ತು ಮಾರಾಯ, ಆಟ ಮಾತ್ರ ನೋಡ್ಲಿಲ್ಲ” ಅನ್ನೋರು.

ಆ ಆಟ ಸ್ಕ್ವಾಷ್. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಹ್ಯಾರೋ ಶಾಲೆಯ ಹುಡುಗರು ರ‍್ಯಾಕೆಟ್ಸ್ ಆಟದ ಗಟ್ಟಿ ಚೆಂಡು ಬಿಟ್ಟು ಮೆತ್ತನೆಯ ರಬ್ಬರ್ ಚೆಂಡು ಹಿಡಿದಾಗ ಹುಟ್ಟಿದ್ದು. ಬ್ರಿಟಿಷರ ಜೊತೆ ಅದು ಭಾರತದ ದಂಡುಪ್ರದೇಶಗಳಿಗೂ ಕ್ಲಬ್ಬುಗಳಿಗೂ ಬಂತು.

ಈಗ ಬೆಂಗಳೂರಲ್ಲಿ ಆಫೀಸು ಮುಗಿಸಿ ನಾನೂ ಆಡ್ತೀನಿ. ನನಗೆ ತಡವಾಗಿ ಒಲಿದದ್ದು ಕ್ರಾಸ್‌ಕೋರ್ಟ್. ಕೋರ್ಟಿನ ಅಗಲ ಬರೀ 6.4 ಮೀಟರ್. ನಡುವಿನ ‘ಟಿ’ ಹಿಡಿದವನದೇ ಆಟ. ಜೋರಾಗಿ ಅಡ್ಡ ಹೊಡೆದರೆ ಸಾಕು ಅಂದ್ಕೊಂಡಿದ್ದೆ. ಚೆಂಡು ಟಿ ಮೇಲೆಯೇ ಹಾದು, ಎದುರಾಳಿ ನಿಂತಲ್ಲೇ ವಾಲಿ ಮಾಡಿ ಮುಗಿಸುತ್ತಿದ್ದ. ಬೇಕಾದದ್ದು ವೇಗಕ್ಕಿಂತ ಅಗಲ. ಚೆಂಡು ಅವನ ಕೈಗೆ ಸಿಗದಷ್ಟು ಆಚೆ ಸಾಗಿ, ಸರ್ವಿಸ್ ಬಾಕ್ಸಿನ ಹಿಂಬದಿಯಲ್ಲಿ ಪಕ್ಕದ ಗೋಡೆ ಸವರಿ, ಹಿಂದಿನ ಮೂಲೆಯಲ್ಲಿ ಸಾಯಬೇಕು. ನಾವು ಹಿಂದಿದ್ದರೆ ಮುಂಗೋಡೆಯ ನಡುವಿಗಿಂತ ತುಸು ಆಚೆಗೆ ಗುರಿ. ಮುಂದಿದ್ದರೆ ನಮ್ಮ ಬದಿಗೇ. ಅದಕ್ಕೂ ಮೊದಲು ನೇರ ಹೊಡೆತಗಳಿಂದ ಅವನನ್ನು ಒಂದು ಗೋಡೆಗೆ ಎಳೆದಿರಬೇಕು.

ಈ ಕೋನ ಹೇಳಿಕೊಟ್ಟರೆ ಬರೋದಿಲ್ಲ. ನೋಡಬೇಕು, ಸಾವಿರ ಸಲ ಹೊಡೀಬೇಕು. ಹಾಗಾಗಿ ಬಾಗಿಲು ಯಾರಿಗೆ ತೆರೆದಿತ್ತು ಅನ್ನೋದು ಈ ಆಟದ ಚರಿತ್ರೆಯಲ್ಲಿ ದೊಡ್ಡ ಮಾತು.

ಪೇಶಾವರದಲ್ಲಿ ಬ್ರಿಟಿಷ್ ಅಧಿಕಾರಿಗಳ ಕೋರ್ಟಿಗೆ ಚಾವಣಿ ಇರಲಿಲ್ಲ. ಹೊರಗೆ ಹಾರಿದ ಚೆಂಡು ಹೆಕ್ಕಿ ಕೊಡುತ್ತಿದ್ದ ಹುಡುಗ ಹಾಶಿಮ್ ಖಾನ್. ಸಾಹೇಬರು ಇಲ್ಲದ ಹೊತ್ತಲ್ಲಿ ಬರಿಗಾಲಲ್ಲಿ ಆಡಿ ಕಲಿತ. 1951ರಲ್ಲಿ, ಮೂವತ್ತು ದಾಟಿದ ಮೇಲೆ, ಅವರದೇ ದೇಶಕ್ಕೆ ಹೋಗಿ ಬ್ರಿಟಿಷ್ ಓಪನ್ ಗೆದ್ದ. ಒಟ್ಟು 7 ಸಲ. ನಮ್ಮ ಕಡೆಯಿಂದ ಕೊಡವ ಮನೆತನದ ಜೋಶ್ನಾ ಚಿನ್ನಪ್ಪ ಇದ್ದಾರೆ. ಚೆನ್ನೈಯಲ್ಲಿ ಬೆಳೆದ ಅವರಿಗೆ ಸ್ಕ್ವಾಷ್ ಮನೆಯಲ್ಲೇ ಇತ್ತು. 2014ರಲ್ಲಿ ಗ್ಲಾಸ್ಗೋದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ದೀಪಿಕಾ ಪಳ್ಳಿಕಲ್ ಜೊತೆ ಡಬಲ್ಸ್ ಫೈನಲ್‌ನಲ್ಲಿ ಇಂಗ್ಲೆಂಡ್ ಜೋಡಿಯನ್ನೇ ಸೋಲಿಸಿ ಚಿನ್ನ ತಂದರು.

ಒಬ್ಬರಿಗೆ ಮನೆಯಿಂದಲೇ ದಾರಿ ಇತ್ತು, ಇನ್ನೊಬ್ಬರಿಗೆ ಚೆಂಡು ಹೆಕ್ಕುವ ನೆಪ. ನಮ್ಮಜ್ಜನಿಗೆ ಎರಡೂ ಇರಲಿಲ್ಲ. ಸಹಿ ಹಾಕಿಸಿಕೊಂಡು, ಪುಸ್ತಕ ಕಂಕುಳಲ್ಲಿಟ್ಟುಕೊಂಡು, ಮಳೆಯಲ್ಲಿ ತೋಟಕ್ಕೆ ವಾಪಸ್ ನಡೆಯುತ್ತಿದ್ದರು.